ಹುಟ್ಟಿದ ದಿನಕ್ಕೆ ಅಳ್ಳಿಟ್ಟಿನ ಉಂಡಿ

ಚಿಮ್ಮನಚೋಡದ ನಮ್ಮ ಓದು-ಬರಹ ಕೇಂದ್ರ. ರಾತ್ರಿ ಎಂಟು ಗಂಟೆ. ಪಾಠ ಮುಗಿದಿತ್ತು. ಎಲ್ಲರೂ ಪಾಟಿ, ಪುಸ್ತಕ ಎತ್ತಿಕೊಂಡು ಮನೆಗೆ ಹೊರಟರು. ಒಬ್ಬ ತಂಗಿ ಮಾತ್ರ ಬಾಗಿಲ ಹತ್ತಿರ ನಿಂತಳು.

"ಅಕ್ಕೋರೆ, ಒಂದು ಮಾತು ಕೇಳ್ತೀನಿ, ನಗಬ್ಯಾಡ್ರಿ."

"ಕೇಳವ್ವ, ನಗೂದು ಯಾಕ?"

"ಬರೂ ಸೋಮವಾರ ನಮ್ಮ ಹುಡುಗಂದು ಹುಟ್ಟಿದ ದಿನ ಅದರಿ. ಐದು ತುಂಬ್ತಾವ. ಅವರಪ್ಪ ಹೈದರಾಬಾದಿಗಿ ಕೆಲಸಕ್ಕ ಹೋಗ್ಯಾರ. ಹುಡುಗ ಕೇಕು ಬೇಕು, ಕುರಕುರಿ ಪಾಕೀಟು ಬೇಕು ಅಂತ ಹಟ ಹಿಡದಾನ. ಓಣಿ ಹುಡುಗರು ಹದಿನೈದು ಮಂದಿ ಬರ್ತಾವ. ನನ್ನ ಕೈಯಾಗ ಇರೂದು ನಾಕುನೂರು ರೂಪಾಯಿ. ಏನು ಮಾಡ್ಲಿರಿ?"

ನಾನು ಕೇಳಿದೆ, "ಮನ್ಯಾಗ ಏನೇನು ಅದ?"

"ಏನಿರ್ತದರಿ? ಜೋಳ ಅದ. ಬೆಲ್ಲ ಅದ. ಶೇಂಗಾ ಒಂದೆರಡು ಸೇರು ಅವ."

"ಹಂಗಾದರ ಉಂಡಿ ಮಾಡು."

"ಅಯ್ಯ! ಉಂಡಿ ಪಂಚಮಿಗಿ ಮಾಡೂದಲ್ಲರಿ? ಹುಡುಗರು ನಗ್ತಾವ."

ಆ ತಂಗಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತೇನೆ. ಅದಕ್ಕೆ ಮೊದಲು ಇನ್ನೊಂದು ಮನೆಯ ಸಂಗತಿ ಹೇಳಬೇಕು. ಅದನ್ನು ನೋಡಿದ ಮೇಲೆಯೇ ನಾನು ಮಕ್ಕಳ ತಿನಿಸಿನ ಬಗ್ಗೆ ಯೋಚನೆ ಮಾಡಲು ಕಲಿತೆ.

ಒಂದು ಶೇಂಗಾ ಕಾಳು

ಕೆಲವು ವರ್ಷಗಳ ಹಿಂದೆ ಒಂದು ಮನೆಗೆ ಹುಟ್ಟಿದ ದಿನಕ್ಕೆ ಹೋಗಿದ್ದೆ. ಮನೆ ತುಂಬ ಮಕ್ಕಳು. ಎಲ್ಲರ ಕೈಯಲ್ಲಿ ಒಂದೊಂದು ತಟ್ಟೆ. ತಟ್ಟೆಯಲ್ಲಿ ಚೂಡಾ, ಹುರಿದ ಶೇಂಗಾ, ಒಂದು ತುಂಡು ಕೇಕು. ಮಕ್ಕಳು ತಿನ್ನುತ್ತಾ ಓಡುತ್ತಿದ್ದರು. ನಗುತ್ತಿದ್ದರು.

ಎರಡೂವರೆ ವರ್ಷದ ಒಂದು ಹೆಣ್ಣು ಮಗು ಅಣ್ಣನ ಹಿಂದೆ ಓಡುತ್ತಿತ್ತು. ತಟ್ಟನೆ ನಿಂತುಬಿಟ್ಟಿತು. ಅಳು ಇಲ್ಲ. ಕೆಮ್ಮು ಇಲ್ಲ. ಬಾಯಿ ತೆರೆದಿದೆ, ದನಿ ಬರುತ್ತಿಲ್ಲ. ತುಟಿ ನೀಲಿ ಆಗುತ್ತಾ ಬಂತು.

ಒಬ್ಬರು ನೀರು ಕುಡಿಸಲು ಹೋದರು. ಒಬ್ಬ ಅಜ್ಜಿ ಬಾಯಲ್ಲಿ ಬೆರಳು ಹಾಕಲು ಹೋದಳು. ಅಷ್ಟರಲ್ಲಿ ಅಲ್ಲಿದ್ದ ಆಶಾ ಕಾರ್ಯಕರ್ತೆ ಮಗುವನ್ನು ಎಳೆದುಕೊಂಡರು. ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಜೋರಾಗಿ ಗುದ್ದಿದರು. ನಾಲ್ಕನೇ ಗುದ್ದಿಗೆ ಅರ್ಧ ಶೇಂಗಾ ಕಾಳು ನೆಲಕ್ಕೆ ಬಿತ್ತು. ಮಗು ಅತ್ತಿತು. ಆ ಅಳು ಕೇಳಿ ಮನೆಯವರೆಲ್ಲ ಅತ್ತರು.

ಇದು ಯಾಕೆ ಆಗುತ್ತದೆ? ನಮ್ಮ ಗಂಟಲಿನಲ್ಲಿ ಎರಡು ಕೊಳವೆ ಇವೆ. ಒಂದು ಅನ್ನ ಹೋಗುವ ಕೊಳವೆ. ಇನ್ನೊಂದು ಉಸಿರು ಹೋಗುವ ಕೊಳವೆ. ನುಂಗುವಾಗ ಉಸಿರಿನ ಕೊಳವೆಯ ಬಾಯಿ ಮುಚ್ಚಿಕೊಳ್ಳುತ್ತದೆ. ನಗುವಾಗ, ಓಡುವಾಗ, ಅಳುವಾಗ ಅದು ತೆರೆದಿರುತ್ತದೆ. ಆಗ ಬಾಯಲ್ಲಿ ಕಾಳು ಇದ್ದರೆ ಉಸಿರಿನ ಕೊಳವೆಗೆ ಜಾರಬಹುದು. ಸಣ್ಣ ಮಕ್ಕಳ ಉಸಿರಿನ ಕೊಳವೆ ಬಹಳ ಸಪೂರ. ಹೆಚ್ಚು ಕಡಿಮೆ ಆ ಮಗುವಿನ ಕಿರುಬೆರಳಿನಷ್ಟು. ಒಂದು ಶೇಂಗಾ ಕಾಳು ಅದನ್ನು ಮುಚ್ಚಲು ಸಾಕು. ಮೇಲಾಗಿ, ಎರಡು ವರ್ಷದ ಮಗುವಿಗೆ ಹಿಂದಿನ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ. ಕಾಳನ್ನು ಅದು ಅರೆಯುವುದಿಲ್ಲ, ಹಾಗೇ ನುಂಗುತ್ತದೆ.

ಆದ್ದರಿಂದ ಐದು ವರ್ಷ ತುಂಬದ ಮಕ್ಕಳಿಗೆ ಇಡಿ ಶೇಂಗಾ, ಇಡಿ ಪುಟಾಣಿ, ಹುರಿದ ಕಡಲೆ, ಗಟ್ಟಿ ಪೆಪ್ಪರಮಿಂಟು ಕೊಡಬಾರದು. ಇಡಿ ದ್ರಾಕ್ಷಿಯನ್ನೂ ಕೊಡಬಾರದು. ಉದ್ದಕ್ಕೆ ಸೀಳಿ ಕೊಡಬೇಕು. ಶೇಂಗಾ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಶೇಂಗಾ ಒಳ್ಳೆಯದು, ಕುಟ್ಟಿ ಪುಡಿ ಮಾಡಿ ಕೊಡಬೇಕು ಅಷ್ಟೆ. ಯಾವುದಾದರೂ ಮಗುವಿಗೆ ಶೇಂಗಾ ತಿಂದರೆ ಮೈಮೇಲೆ ದದ್ದು ಏಳುತ್ತದೆಯೋ ಅಂತ ಅದರ ತಾಯಿಯನ್ನು ಮೊದಲೇ ಕೇಳಿರಿ. ಅಂಥ ಮಗುವಿಗೆ ಪುಡಿಯೂ ಬೇಡ.

ಇಲ್ಲೇ ನಮ್ಮ ಪಂಚಮಿ ಉಂಡಿ ನೆನಪಾಗಬೇಕು ನೋಡ್ರಿ. ಅದೇ ಶೇಂಗಾ, ಅದೇ ಜೋಳ, ಅದೇ ಬೆಲ್ಲ. ಆದರೆ ಪುಡಿ ಮಾಡಿ, ಮೆತ್ತಗೆ ಕಟ್ಟಿದ್ದು.

ಅಳ್ಳು ಹುರಿಯುವುದು

ಶ್ರಾವಣ ಬಂದರೆ ನಮ್ಮ ಕಡೆ ಹೆಣ್ಣು ಮಕ್ಕಳು ತವರಿಗೆ ಬರುತ್ತಾರೆ. ಜೋಕಾಲಿ ಕಟ್ಟುತ್ತಾರೆ. ನಾಗಪ್ಪನಿಗೆ ಹಾಲು ಎರೆಯುತ್ತಾರೆ. ಮನೆ ಮನೆಯಲ್ಲಿ ಜೋಳದ ಅಳ್ಳು ಹುರಿಯುತ್ತಾರೆ. ಅಳ್ಳು ಬೀಸಿ ಅಳ್ಳಿಟ್ಟು ಮಾಡುತ್ತಾರೆ. ಇದು ನಿಮಗೆ ನಾನು ಕಲಿಸಬೇಕಾದ್ದಲ್ಲ. ನಿಮ್ಮಲ್ಲಿ ಹಲವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಕಲಿತದ್ದೂ ನಮ್ಮ ಅತ್ತೆಯ ಹತ್ತಿರ. ಆದರೆ ಈಗಿನ ಸೊಸೆಯಂದಿರು ಅಳ್ಳನ್ನು ಅಂಗಡಿಯಿಂದ ತರುತ್ತಾರೆ. ಅವರಿಗಾಗಿ ಬರೆಯುತ್ತೇನೆ.

ರೊಟ್ಟಿಗೆ ಮಾಲದಂಡಿ ಜೋಳ ಒಳ್ಳೆಯದು. ಅಳ್ಳಿಗೆ ಸಣ್ಣ, ಗಟ್ಟಿ ಕಾಳು ಬೇಕು. ಅಳ್ಳಿನ ಜೋಳ ಅಂತಲೇ ಕೇಳಿದರೆ ಕೆಲವು ರೈತರ ಮನೆಯಲ್ಲಿ ಸಿಗುತ್ತದೆ. ಹುಳ ಹತ್ತಿದ ಜೋಳ, ಒಡೆದ ಜೋಳ ಬೇಡ. ಅದು ಅರಳುವುದಿಲ್ಲ.

ಒಂದೂವರೆ ಬಟ್ಟಲು ಜೋಳ ತಗೊಳ್ಳಿರಿ. ಆರಿಸಿ, ಹಸನು ಮಾಡಿರಿ. ಬಿಸಿ ನೀರು ಚಿಮುಕಿಸಿ ಕೈಯಾಡಿಸಿರಿ. ಒದ್ದೆ ಬಟ್ಟೆಯಲ್ಲಿ ಕಟ್ಟಿ ರಾತ್ರಿ ಇಡಿರಿ. ಬೆಳಿಗ್ಗೆ ನೆರಳಲ್ಲಿ ಹರಡಿರಿ. ಕಾಳಿನ ಮೇಲೆ ಪಸೆ ಇರಬಾರದು, ಒಳಗೆ ಇರಬೇಕು. ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿದರೆ ಕೆಲಸ ಕೆಟ್ಟಿತು.

ಯಾಕೆ? ಅಳ್ಳು ಅರಳುವುದೇ ಆ ಒಳಗಿನ ಪಸೆಯಿಂದ. ಕಾಳು ಕಾದಾಗ ಒಳಗಿನ ನೀರು ಉಗಿ ಆಗುತ್ತದೆ. ಜೋಳದ ಹೊರಗಿನ ತೊಗಟೆ ಗಟ್ಟಿ. ಉಗಿ ಹೊರಗೆ ಬರಲು ದಾರಿ ಇಲ್ಲ. ಕಡೆಗೆ ತೊಗಟೆಯನ್ನು ಒಡೆದೇ ಬರುತ್ತದೆ. ಆ ಹೊತ್ತಿಗೆ ಒಳಗಿನ ಹಿಟ್ಟು ಬೆಂದಿರುತ್ತದೆ, ಅದು ಹೂವಿನ ಹಾಗೆ ಉಬ್ಬುತ್ತದೆ. ಪೇಟೆಯಲ್ಲಿ ಸಿನಿಮಾ ನೋಡುವಾಗ ಮೆಕ್ಕೆಜೋಳದ ಅಳ್ಳು ಮಾರುತ್ತಾರಲ್ಲ, ಅದೂ ಹೀಗೇ. ಅದಕ್ಕೆ ಅವರು ಪಾಪಕಾರ್ನ್ ಅನ್ನುತ್ತಾರೆ, ಬೆಲೆ ಕೇಳಿದರೆ ಎದೆ ಒಡೆಯುತ್ತದೆ.

ದಪ್ಪ ತಳದ ಕಬ್ಬಿಣದ ಕಡಾಯಿ ಇಡಿರಿ. ಚೆನ್ನಾಗಿ ಕಾಯಲಿ. ಒಂದು ಹಿಡಿ ಜೋಳ ಮಾತ್ರ ಹಾಕಿರಿ. ಬಟ್ಟೆಯ ಉಂಡೆಯನ್ನು ಕೋಲಿಗೆ ಬಿಗಿಯಾಗಿ ಕಟ್ಟಿಕೊಂಡು ಅದರಿಂದ ಆಡಿಸಿರಿ. ಚಟಚಟ ಅನ್ನುತ್ತದೆ. ಸಿಡಿಯುವ ಕಾಳು ಮುಖಕ್ಕೆ ಬಾರದ ಹಾಗೆ ಜರಡಿ ಅಡ್ಡ ಹಿಡಿಯಿರಿ. ಮಕ್ಕಳನ್ನು ಒಲೆಯ ಹತ್ತಿರ ಬಿಡಬೇಡಿರಿ. ಸದ್ದು ಕಡಿಮೆ ಆದ ಕೂಡಲೆ ಇಳಿಸಿರಿ. ಆಮೇಲೆ ಇನ್ನೊಂದು ಹಿಡಿ. ಒಮ್ಮೆಗೇ ಎಲ್ಲ ಸುರಿದರೆ ಕಡಾಯಿ ಆರುತ್ತದೆ, ಜೋಳ ಹುರಿಯುತ್ತದೆ, ಅರಳುವುದಿಲ್ಲ.

ಅಳ್ಳನ್ನು ಜರಡಿ ಹಿಡಿಯಿರಿ. ಅರಳದ ಕಾಳು ಕೆಳಗೆ ಬೀಳುತ್ತದೆ. ಅದನ್ನು ಕೋಳಿಗೆ ಹಾಕಿರಿ. ಒಂದು ಕಾಳೂ ಅಳ್ಳಿನಲ್ಲಿ ಉಳಿಯಬಾರದು. ಈಗ ಅಳ್ಳನ್ನು ಬೀಸಿರಿ. ಬೀಸುವ ಕಲ್ಲು ಆದೀತು, ಮಿಕ್ಸರೂ ಆದೀತು. ಸಣ್ಣ ಜರಡಿಯಲ್ಲಿ ಸೋಸಿದರೆ ಅಳ್ಳಿಟ್ಟು ತಯಾರು. ಎರಡು ಬಟ್ಟಲಿನಷ್ಟು ಆಗುತ್ತದೆ.

ಒಣ ಅಳ್ಳಿಟ್ಟನ್ನು ಹಾಗೇ ಮಕ್ಕಳ ಬಾಯಿಗೆ ಹಾಕಬೇಡಿರಿ. ನಕ್ಕರೆ ಪುಡಿ ಗಂಟಲಿಗೆ ಹಾರಿ ಕೆಮ್ಮು ಹತ್ತುತ್ತದೆ.

ಉಂಡಿ ಕಟ್ಟುವುದು

ಎರಡು ಬಟ್ಟಲು ಅಳ್ಳಿಟ್ಟು. ಅರ್ಧ ಬಟ್ಟಲು ಪುಟಾಣಿ ಹಿಟ್ಟು. ಅರ್ಧ ಬಟ್ಟಲು ಹುರಿದ ಶೇಂಗಾ ಪುಡಿ. ಒಂದು ಬಟ್ಟಲು ಕುಟ್ಟಿದ ಬೆಲ್ಲ. ನಾಲ್ಕು ಚಮಚ ತುಪ್ಪ. ಎರಡು ಯಾಲಕ್ಕಿ. ಇಷ್ಟಕ್ಕೆ ಸಣ್ಣ ನಿಂಬೆಹಣ್ಣಿನ ಗಾತ್ರದ ಉಂಡಿ ಇಪ್ಪತ್ತೈದರ ಹತ್ತಿರ ಆಗುತ್ತವೆ. ಬಟ್ಟಲು ಯಾವುದಾದರೂ ಆಗಲಿ, ಎಲ್ಲಕ್ಕೂ ಒಂದೇ ಬಟ್ಟಲು ಇರಲಿ.

ಪುಡಿಗಳನ್ನು ಪರಾತದಲ್ಲಿ ಕಲಸಿ ಇಡಿರಿ. ಬೆಲ್ಲಕ್ಕೆ ಕಾಲು ಬಟ್ಟಲು ನೀರು ಹಾಕಿ ಕರಗಿಸಿರಿ. ಕರಗಿದ ಮೇಲೆ ಸೋಸಿರಿ. ಬೆಲ್ಲದಲ್ಲಿ ಕಸ, ಉಸುಕು ಇರುತ್ತದೆ. ಸೋಸಿದ್ದನ್ನು ಮತ್ತೆ ಒಲೆಗೆ ಇಡಿರಿ. ಸಣ್ಣ ಉರಿ ಇರಲಿ.

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಪಾಕ ಗಟ್ಟಿ ಆದರೆ ಉಂಡಿ ಕಲ್ಲು ಆಗುತ್ತದೆ. ದೊಡ್ಡವರು ಕಡಿದು ತಿನ್ನುತ್ತಾರೆ, ಮಕ್ಕಳಿಗೆ ಆಗುವುದಿಲ್ಲ. ಚಮಚದಿಂದ ಒಂದು ಹನಿ ತಟ್ಟೆಗೆ ಹಾಕಿರಿ. ಆರಿದ ಮೇಲೆ ಎರಡು ಬೆರಳ ನಡುವೆ ಹಿಡಿದು ಎಳೆಯಿರಿ. ಒಂದು ಎಳೆ ಬಂತೋ, ಇಳಿಸಿಬಿಡಿರಿ. ಅದಕ್ಕಿಂತ ಮುಂದೆ ಹೋಗಬೇಡಿರಿ.

ತುಪ್ಪ, ಯಾಲಕ್ಕಿ ಪುಡಿ ಹಾಕಿರಿ. ಪಾಕವನ್ನು ಪುಡಿಗೆ ಸುರಿದು ಸೌಟಿನಿಂದ ಕಲಸಿರಿ. ಕೈ ಹಾಕಬೇಡಿರಿ. ಬೆಲ್ಲದ ಪಾಕ ಕುದಿಯುವ ನೀರಿಗಿಂತ ಬಿಸಿ ಇರುತ್ತದೆ. ಮೈಗೆ ಬಿದ್ದರೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಹಾಗೇನಾದರೂ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಸುರಿಯಿರಿ. ಹಲ್ಲಿನ ಪೇಸ್ಟು, ಶಾಯಿ, ಅರಿಶಿಣ ಹಚ್ಚಬೇಡಿರಿ. ಗುಳ್ಳೆ ಎದ್ದರೆ ದವಾಖಾನೆಗೆ ತೋರಿಸಿರಿ.

ಕೈ ತಾಳುವಷ್ಟು ಆರಿದ ಮೇಲೆ ಅಂಗೈಗೆ ತುಪ್ಪ ಸವರಿಕೊಂಡು ಉಂಡಿ ಕಟ್ಟಿರಿ. ಪುಡಿ ಉದುರಿದರೆ ಒಂದೆರಡು ಚಮಚ ಬಿಸಿ ಹಾಲು ಚಿಮುಕಿಸಿರಿ. ಹಾಲು ಹಾಕಿದ ಉಂಡಿ ಅವತ್ತೇ ಖರ್ಚು ಆಗಬೇಕು. ಹಾಲು ಹಾಕದೆ ಕಟ್ಟಿದ್ದು, ಒಣ ಡಬ್ಬಿಯಲ್ಲಿ ಇಟ್ಟರೆ, ಎಂಟು ದಿನ ಕೆಡುವುದಿಲ್ಲ. ಆದರೆ ಎಂಟು ದಿನ ಉಳಿದ ಮನೆಯನ್ನು ನಾನಂತೂ ನೋಡಿಲ್ಲ.

ಐದು ತುಂಬದ ಮಕ್ಕಳಿಗೆ ಇಡಿ ಉಂಡಿ ಕೊಡಬೇಡಿರಿ. ಮುರಿದು, ಸಣ್ಣ ಸಣ್ಣ ತುತ್ತು ಮಾಡಿ ಕೊಡಿರಿ. ಪಕ್ಕದಲ್ಲಿ ನೀರಿನ ಗ್ಲಾಸು ಇರಲಿ. ಮುಖ್ಯ ಮಾತು, ಕೂಡಿಸಿ ತಿನ್ನಿಸಿರಿ. ಮೊದಲು ತಿನ್ನುವುದು, ಆಮೇಲೆ ಆಟ.

ಉಂಡಿಯಿಂದ ಕೇಕು

ಆ ತಂಗಿ ಅಷ್ಟಕ್ಕೆ ಒಪ್ಪಲಿಲ್ಲ. "ಎಲ್ಲಾ ಖರೆ ಅಕ್ಕೋರೆ. ಆದ್ರ ಕೇಕು ಕೇಕೇ ಅಲ್ಲರಿ?" ಅಂದಳು.

ಅವಳ ಮಾತು ಸುಳ್ಳಲ್ಲ. ಮಗುವಿಗೆ ಬೇಕಾದದ್ದು ರುಚಿ ಮಾತ್ರ ಅಲ್ಲ. ನಡುವೆ ಏನಾದರೂ ಇಡಬೇಕು. ಎಲ್ಲರೂ ಸುತ್ತ ನಿಲ್ಲಬೇಕು. ತನ್ನ ಹೆಸರು ಅದರ ಮೇಲೆ ಇರಬೇಕು. ಕೇಕು ತರುವವರು ತರಲಿ. ನಾನು ಬೇಡ ಅನ್ನುವುದಿಲ್ಲ. ಸಾಲ ಮಾಡಿ ತರಬೇಡಿರಿ ಅಂತ ಮಾತ್ರ ಹೇಳುತ್ತೇನೆ.

ಉಂಡಿಯಿಂದಲೇ ಅದನ್ನು ಮಾಡಬಹುದು. ದೊಡ್ಡ ಪರಾತ ತಗೊಳ್ಳಿರಿ. ತೊಳೆದ ಬಾಳೆ ಎಲೆ ಹಾಸಿರಿ. ಉಂಡಿಗಳನ್ನು ಒಂದರ ಪಕ್ಕ ಒಂದು ಇಟ್ಟು ಮಗುವಿನ ವಯಸ್ಸಿನ ಅಂಕಿ ಬರೆಯಿರಿ. ಐದು ತುಂಬಿದರೆ 5. ಮೂರು ತುಂಬಿದರೆ 3. ಹೆಸರಿನ ಮೊದಲ ಅಕ್ಷರವನ್ನೂ ಬರೆಯಬಹುದು. ಮೇಲೆ ಒಣ ಕೊಬ್ಬರಿ ತುರಿ ಉದುರಿಸಿದರೆ ಅಕ್ಷರ ಎದ್ದು ಕಾಣುತ್ತದೆ. ಅಕ್ಷರ ಪಾಟಿಯ ಮೇಲೆ ಮಾತ್ರ ಇರಬೇಕು ಅಂತ ಏನಿಲ್ಲವಲ್ಲ!

ಬಣ್ಣ ಬೇಕು ಅನ್ನುವ ಮಕ್ಕಳೂ ಇರುತ್ತಾರೆ. ಕೆಂಪು ಬೇಕಾದರೆ ಬೀಟರೂಟ್ ತುರಿದು ರಸ ಹಿಂಡಿರಿ. ಕೊಬ್ಬರಿ ತುರಿಗೆ ಆ ರಸ ಹಾಕಿ ಸಣ್ಣ ಉರಿಯಲ್ಲಿ ಆಡಿಸಿ ಒಣಗಿಸಿರಿ. ಹಳದಿಗೆ ಚಿಟಿಕೆ ಅರಿಶಿಣ ಸಾಕು. ಅಂಗಡಿಯ ಬಣ್ಣದ ಪುಡಿ ತರಬೇಡಿರಿ. ಜಾತ್ರೆಯಲ್ಲಿ ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿ ನೋಡಿದ್ದೀರಲ್ಲ? ಅದನ್ನು ಪರೀಕ್ಷೆ ಮಾಡಿಸಿದಾಗ ಕೆಲವು ಕಡೆ ರೊಡಮೈನ್-ಬಿ ಎಂಬ ಬಣ್ಣ ಸಿಕ್ಕಿತು. ಅದು ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ. ತಿನ್ನುವ ಬಣ್ಣ ಅಲ್ಲ. 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರಕಾರ ಬಣ್ಣ ಹಾಕಿದ ಬೊಂಬಾಯಿ ಮಿಠಾಯಿಯನ್ನು ನಿಷೇಧಿಸಿತು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ನಿಷೇಧಿಸಿತು. ಬಣ್ಣ ಇಲ್ಲದ ಬಿಳಿ ಬೊಂಬಾಯಿ ಮಿಠಾಯಿಗೆ ಅಡ್ಡಿ ಇಲ್ಲ.

ಖಾರಕ್ಕೆ ಸುಸಲಾ

ಬರೀ ಸಿಹಿ ತಿಂದರೆ ಮಕ್ಕಳಿಗೆ ಸಾಕಾಗುತ್ತದೆ. ಪಕ್ಕಕ್ಕೆ ಸುಸಲಾ ಮಾಡಿರಿ. ನಮ್ಮ ಕಲಬುರಗಿ ಕಡೆ ಬೆಳಿಗ್ಗೆ ಸುಸಲಾ ತಿನ್ನದ ಊರು ಯಾವುದು? ಮಾಡುವ ರೀತಿ ನಿಮಗೆ ಗೊತ್ತು. ಮಕ್ಕಳಿಗಾಗಿ ಮೂರು ನಾಲ್ಕು ಬದಲಾವಣೆ ಮಾತ್ರ ಮಾಡಿರಿ.

ಹದಿನೈದು ಮಕ್ಕಳಿಗೆ ಹದಿನೈದು ಬಟ್ಟಲು ಚುರಮುರಿ ತಗೊಳ್ಳಿರಿ. ನೀರಲ್ಲಿ ಅದ್ದಿ, ಮೆತ್ತಗಾದ ಕೂಡಲೆ ಹಿಂಡಿ ತೆಗೆಯಿರಿ. ಒಗ್ಗರಣೆಗೆ ಎಣ್ಣೆ, ಸಾಸಿವೆ, ಜೀರಿಗೆ, ಅರಿಶಿಣ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ. ಕರಿಬೇವನ್ನು ಇಡಿ ಎಲೆ ಹಾಕುವ ಬದಲು ಹೆಚ್ಚಿ ಹಾಕಿರಿ. ಗಜ್ಜರಿ ತುರಿದು ಹಾಕಿರಿ. ಇಡಿ ಶೇಂಗಾ ಹಾಕುವ ರೂಢಿ ಇದ್ದರೆ ಅವತ್ತು ಬಿಡಿರಿ, ಪುಡಿ ಹಾಕಿರಿ. ಪುಟಾಣಿ ಹಿಟ್ಟು ಒಂದು ಬಟ್ಟಲು. ಚುರಮುರಿಯಲ್ಲಿ ಮೊದಲೇ ಉಪ್ಪು ಇರುತ್ತದೆ. ರುಚಿ ನೋಡಿಯೇ ಉಪ್ಪು ಹಾಕಿರಿ. ಇಳಿಸಿದ ಮೇಲೆ ನಿಂಬೆಹಣ್ಣು, ಕೊತ್ತಂಬರಿ.

ಮೆಣಸಿನಕಾಯಿ? ಮೊದಲು ಮಕ್ಕಳ ಪಾಲು ತೆಗೆದು ಇಡಿರಿ. ಆಮೇಲೆ ದೊಡ್ಡವರ ಪಾಲಿಗೆ ಬೇರೆ ಮೆಣಸಿನಕಾಯಿ ಹುರಿದು ಹಾಕಿರಿ. ನಮ್ಮ ಮಂದಿ ಖಾರ ಇಲ್ಲದಿದ್ದರೆ ಊಟ ಅನ್ನುವುದಿಲ್ಲ. ಮಕ್ಕಳು ಹಾಗಲ್ಲ.

ಇನ್ನೊಂದು ಮೋಜು ಇದೆ. ಹಿಂದಿನ ದಿನ ರೊಟ್ಟಿ ಬಡಿಯುವಾಗ ಅಂಗೈಯಷ್ಟು ಸಣ್ಣ ರೊಟ್ಟಿ ಹತ್ತಿಪ್ಪತ್ತು ಬಡಿಯಿರಿ. ಕಡಕ್ ಆಗಲಿ. ದೊಡ್ಡ ಮಕ್ಕಳಿಗೆ ಸುಸಲಾ ಅದರ ಮೇಲೆ ಹಾಕಿ ಕೊಡಿರಿ. ರೊಟ್ಟಿಯೇ ತಟ್ಟೆ, ರೊಟ್ಟಿಯೇ ಚಮಚ. ಕಡೆಗೆ ತಟ್ಟೆಯನ್ನೂ ತಿಂದುಬಿಡುತ್ತಾರೆ. ಸಣ್ಣ ಮಕ್ಕಳಿಗೆ ಕಡಕ್ ರೊಟ್ಟಿ ಬೇಡ. ಬಿಸಿ ರೊಟ್ಟಿಯನ್ನು ಬೆಲ್ಲ, ತುಪ್ಪ ಹಾಕಿ ಮುಟಗಿ ಮಾಡಿರಿ. ಬಳ್ಳೊಳ್ಳಿ, ಖಾರ ಹಾಕಿದ ಮುಟಗಿ ದೊಡ್ಡವರದು. ಇದು ಅವರ ಮುಟಗಿ.

ಸುಸಲಾ ಮಾಡಿದ ಕೂಡಲೆ ಬಡಿಸಬೇಕು. ಹೊತ್ತಾದರೆ ಒಣಗುತ್ತದೆ. ಬಡಿಸಲು ಮುತ್ತುಗದ ಎಲೆಯ ಪತ್ರಾವಳಿ ಚೆಂದ. ಸುದ್ದಿ ಪತ್ರಿಕೆಯ ಕಾಗದದಲ್ಲಿ ಬಡಿಸಬೇಡಿರಿ. ಅಚ್ಚಿನ ಶಾಯಿ ತಿನಿಸಿಗೆ ಹತ್ತುತ್ತದೆ. ಸುದ್ದಿ ಪತ್ರಿಕೆಯಲ್ಲಿ ತಿನಿಸು ಕಟ್ಟಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಮತ್ತೊಮ್ಮೆ ಹೇಳಿದೆ.

ಹುಟ್ಟಿದ ದಿನ ಚಳಿಗಾಲದಲ್ಲಿ ಬಂದರೆ ಇನ್ನೂ ಸುಲಭ. ಹಸಿ ತೊಗರಿಕಾಯಿ ಸಿಗುತ್ತವೆ. ಉಪ್ಪು ಹಾಕಿ ಕುದಿಸಿರಿ, ಮಕ್ಕಳ ಮುಂದೆ ರಾಶಿ ಹಾಕಿರಿ. ಸುಲಿಯುವುದೇ ಅವರಿಗೆ ಆಟ. ಸಣ್ಣವರಿಗೆ ಕಾಳು ಹಿಸುಕಿ ಕೊಡಿರಿ. ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅಂದರೆ ಬೇರೆ ಕಡೆ ಬೆಳೆದ ಬೇಳೆಯನ್ನು ಆ ಹೆಸರಿನಲ್ಲಿ ಮಾರುವ ಹಾಗಿಲ್ಲ. ಜೋಳಕ್ಕೂ ಈಗ ಮರ್ಯಾದೆ ಬಂದಿದೆ. ವಿಶ್ವಸಂಸ್ಥೆ 2023ನೇ ವರ್ಷವನ್ನು ಸಿರಿಧಾನ್ಯ ವರ್ಷ ಅಂತ ಆಚರಿಸಿತು. ಆ ಧಾನ್ಯಗಳಲ್ಲಿ ನಮ್ಮ ಜೋಳವೂ ಒಂದು. ಪೇಟೆಯವರು ಈಗ ಜೋಳದ ತಿನಿಸನ್ನು ಡಬ್ಬಿಯಲ್ಲಿ ಕೊಳ್ಳುತ್ತಾರೆ. ನಮ್ಮ ಮಕ್ಕಳು ಜೋಳ ಅಂದರೆ ಬಡವರದು ಅಂತ ಮೂಗು ಮುರಿಯುತ್ತಾರೆ!

ಪಾಕೀಟು ತರಲೇಬೇಕು ಅಂದರೆ ಓದಿ ತನ್ನಿರಿ. ಈಗ ನಿಮಗೆ ಅಂಕಿ ಬರುತ್ತದೆ. ಪಾಕೀಟಿನ ಮೇಲೆ ತಯಾರಾದ ದಿನ, ಯಾವಾಗಿನವರೆಗೆ ತಿನ್ನಬಹುದು ಎಂಬುದು ಅಂಕಿಯಲ್ಲಿ ಇರುತ್ತದೆ. ಮೊದಲು ದಿನ, ಆಮೇಲೆ ತಿಂಗಳು, ಆಮೇಲೆ ವರ್ಷ. ದಿನ ದಾಟಿದ್ದರೆ ಅಂಗಡಿಯವರಿಗೆ ತೋರಿಸಿ, ವಾಪಸು ಕೊಡಿರಿ. ನಾಚಬೇಡಿರಿ.

ಗಂಟಲಲ್ಲಿ ಸಿಕ್ಕರೆ

ಎಷ್ಟು ಎಚ್ಚರ ಇದ್ದರೂ ಒಮ್ಮೊಮ್ಮೆ ಸಿಕ್ಕುತ್ತದೆ. ಆಗ ಏನು ಮಾಡಬೇಕು? ಇದನ್ನು ಎರಡು ಸಲ ಓದಿರಿ. ಓದು ಬಾರದ ನೆರೆಯವರಿಗೂ ಓದಿ ಹೇಳಿರಿ.

ಮಗು ಜೋರಾಗಿ ಕೆಮ್ಮುತ್ತಿದೆಯೆ? ಅಳುತ್ತಿದೆಯೆ? ಹಾಗಾದರೆ ಕೆಮ್ಮಲು ಬಿಡಿರಿ. ಕೆಮ್ಮೇ ಅದನ್ನು ಹೊರಗೆ ಹಾಕುತ್ತದೆ. ಬೆನ್ನು ಗುದ್ದಬೇಡಿರಿ. ಪಕ್ಕದಲ್ಲೇ ಇರಿ.

ಕೆಮ್ಮು ಬರುತ್ತಿಲ್ಲ, ದನಿ ಇಲ್ಲ, ತುಟಿ ನೀಲಿ ಆಗುತ್ತಿದೆ ಅಂದರೆ ಒಂದು ಗಳಿಗೆಯೂ ತಡ ಮಾಡಬೇಡಿರಿ. ಒಬ್ಬರು 108ಕ್ಕೆ ಫೋನು ಮಾಡಲಿ. ಇನ್ನೊಬ್ಬರು ಮಗುವನ್ನು ಮುಂದಕ್ಕೆ ಬಗ್ಗಿಸಿ, ಎರಡು ಹೆಗಲ ಎಲುಬಿನ ನಡುವೆ ಅಂಗೈ ಬುಡದಿಂದ ಐದು ಸಲ ಜೋರಾಗಿ ಗುದ್ದಲಿ. ಬರಲಿಲ್ಲವೆ? ಒಂದು ವರ್ಷ ದಾಟಿದ ಮಗು ಆದರೆ ಅದರ ಹಿಂದೆ ಮೊಣಕಾಲೂರಿ ಕೂಡಿರಿ. ಎರಡೂ ಕೈಯಿಂದ ಬಳಸಿ, ಒಂದು ಕೈ ಮುಷ್ಟಿ ಮಾಡಿ ಹೊಕ್ಕುಳದ ಮೇಲೆ, ಪಕ್ಕೆಲುಬಿನ ಕೆಳಗೆ ಇಡಿರಿ. ಇನ್ನೊಂದು ಕೈಯಿಂದ ಮುಷ್ಟಿ ಹಿಡಿದು ಒಳಕ್ಕೆ, ಮೇಲಕ್ಕೆ ಐದು ಸಲ ಝಟಕಾ ಕೊಟ್ಟು ಒತ್ತಿರಿ. ಮತ್ತೆ ಐದು ಗುದ್ದು, ಮತ್ತೆ ಐದು ಒತ್ತು. ಹೊರಗೆ ಬರುವ ತನಕ ಹೀಗೇ.

ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಬಾರದು. ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿರಿ. ತಲೆ ಕೆಳಗೆ ಇರಲಿ, ಗದ್ದ ಹಿಡಿದುಕೊಳ್ಳಿರಿ. ಬೆನ್ನಿಗೆ ಐದು ಸಲ ಬಡಿಯಿರಿ. ಆಮೇಲೆ ಅಂಗಾತ ತಿರುಗಿಸಿ ಎದೆಯ ನಡುವಿನ ಎಲುಬನ್ನು ಐದು ಸಲ ಒತ್ತಿರಿ.

ಬಾಯಲ್ಲಿ ಕಾಣದ ವಸ್ತುವಿಗೆ ಬೆರಳು ಹಾಕಿ ಹುಡುಕಬೇಡಿರಿ. ಅದು ಇನ್ನೂ ಒಳಗೆ ಹೋಗುತ್ತದೆ. ನೀರು ಕುಡಿಸಬೇಡಿರಿ. ಮಗು ಎಚ್ಚರ ತಪ್ಪಿದರೆ 108ರವರು ಫೋನಿನಲ್ಲಿ ಹೇಳಿದ ಹಾಗೆ ಮಾಡಿರಿ. ವಸ್ತು ಹೊರಗೆ ಬಂದರೂ, ಹೊಟ್ಟೆ ಒತ್ತಿದ್ದರೆ, ಡಾಕ್ಟರಿಗೆ ತೋರಿಸಿರಿ. ಕೆಲವು ಸಲ ಕಾಳು ಒಡೆದು ಒಂದು ಚೂರು ಪುಪ್ಪುಸಕ್ಕೆ ಹೋಗಿರುತ್ತದೆ. ಮಗು ಸುಮ್ಮನಾಗುತ್ತದೆ. ಆಮೇಲೆ ದಿನಗಟ್ಟಲೆ ಕೆಮ್ಮು, ಜ್ವರ, ಸುಂಯ್ ಸುಂಯ್ ಉಸಿರು. ಆಗ "ಶೇಂಗಾ ತಿನ್ನುವಾಗ ಸಿಕ್ಕಿತ್ತು" ಅಂತ ಡಾಕ್ಟರಿಗೆ ಮರೆಯದೆ ಹೇಳಿರಿ.

ಓದಿದರೆ ಅರ್ಧ ಕಲಿತ ಹಾಗೆ. ನಿಮ್ಮ ಊರಿನ ಆಶಾ ಅಕ್ಕನನ್ನು ಕೇಂದ್ರಕ್ಕೆ ಕರೆಯಿರಿ. ಒಂದು ದಿಂಬು ಇಟ್ಟು ಮಾಡಿ ತೋರಿಸಲು ಹೇಳಿರಿ. ನಾವು ಹಾಗೇ ಕಲಿತೆವು.

ಸೋಮವಾರ

ಆ ತಂಗಿಯ ಮನೆಗೆ ನಾನೂ ಹೋಗಿದ್ದೆ. ಅಳತೆಯನ್ನು ಇಮ್ಮಡಿ ಮಾಡಿ ಐವತ್ತು ಉಂಡಿ ಕಟ್ಟಿದ್ದಳು. ಅತ್ತೆ ಅಳ್ಳು ಹುರಿದು ಕೊಟ್ಟಿದ್ದರು. ಮಕ್ಕಳನ್ನು ಗೋಡೆಯ ಸಾಲಿಗೆ ಕೂಡಿಸಿದ್ದಳು. ಕೈ ತೊಳೆಸುವ ಕೆಲಸ ಹುಟ್ಟಿದ ದಿನದ ಹುಡುಗನದೇ. ಚೊಂಬು ಹಿಡಿದು ಸಾಹೇಬನ ಹಾಗೆ ನಿಂತಿದ್ದ.

ನಡುವೆ ಪರಾತ. ಬಾಳೆ ಎಲೆಯ ಮೇಲೆ ಉಂಡಿಯಲ್ಲಿ 5 ಬರೆದಿದ್ದಳು. ಅದರ ಕೆಳಗೆ ಮಗನ ಹೆಸರು, ಎರಡೇ ಅಕ್ಷರ. ಎರಡನೇ ಅಕ್ಷರದ ದೀರ್ಘಕ್ಕೆ ಉಂಡಿ ಸಾಲದೆ ಅತ್ತೆಯ ತಟ್ಟೆಯಿಂದ ಎರಡು ಎತ್ತಿಕೊಂಡಿದ್ದಳು.

ಹುಡುಗ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಆಮೇಲೆ ಅವ್ವನ ಮುಖ ನೋಡಿದ.

"ಇದು ಯಾರು ಬರದರವ್ವ? ಅಕ್ಕೋರು ಬರದರೇನು?"

"ನಾನೇ ಬರದೀನಿ," ಅಂದಳು. "ಈಗ ಮೊದಲನೇ ಅಕ್ಷರ ಯಾರು ತಿಂತೀರಿ, ಹೇಳ್ರಿ."